ಪೈಪಿನ ಹಿಂದೆ ಅಡಗಿಸಿದ ಮೂಲೆ

ಮಾನ್ಯರೇ,

‘ಮೇಜಿನ ಮೇಲೊಂದು ದಾವಣಗೆರೆ’ ಎಂಬ ನಿಮ್ಮ ಲೇಖನವೂ ಅದರ ಜೊತೆಗಿನ 11 ಚಿತ್ರಗಳೂ ತಲುಪಿದವು. ಜರ್ಮನಿಯ ಪ್ಲಾಸ್ಟಿಕ್ ಕಿಟ್‌ಗಳನ್ನು ಕತ್ತರಿಸಿ, ತಿದ್ದಿ, ಮಾದರಿ ರೈಲಿನ ಹಳಿಯ ಪಕ್ಕಕ್ಕೆ ಒಂದು ಗೂಡ್ಸ್ ಗೋದಾಮು, ಒಂದು ಮಂಡಕ್ಕಿ ಭಟ್ಟಿ, ಒಂದು ಹತ್ತಿ ಗಿರಣಿ ಕಟ್ಟಿಕೊಂಡ ಕಥೆ. ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅಚ್ಚಿಗೆ ಕೊಡಲಾರೆ. ವಿಷಾದಪತ್ರ ಬರೆದು ಕೈತೊಳೆದುಕೊಳ್ಳಲೂ ಮನಸ್ಸು ಬರಲಿಲ್ಲ. ಅದಕ್ಕೆ ಕಾರಣ ನಿಮ್ಮ ನಾಲ್ಕನೆಯ ಚಿತ್ರ. ಅದರ ಮಾತು ಆಮೇಲೆ.

ಮೊದಲ ಮೂರು ಪುಟಗಳನ್ನು ತೆಗೆದುಹಾಕಿ. ಪಾರ್ಸೆಲ್ ಬಂದದ್ದು, ಪೆಟ್ಟಿಗೆ ಬಿಚ್ಚಿದ್ದು, ಗರಗಸ, ಅರ, ಉಪ್ಪುಕಾಗದಗಳ ಪಟ್ಟಿ: ಆ ಸಂಭ್ರಮ ನಿಮ್ಮದು, ಓದುಗರದಲ್ಲ. ಕಿಟ್‌ಗಿಂತ ಸಾಗಣೆಗೇ ಹೆಚ್ಚು ದುಡ್ಡು ಹೋಯಿತು ಎಂದಿದ್ದೀರಲ್ಲ, ಆ ಒಂದು ಸಾಲು ಇರಲಿ. ಮೊದಲ ಗೋಡೆಗೆ ಗರಗಸ ಇಡುವಾಗ ನಿಮ್ಮ ಕೈ ಏಕೆ ನಡುಗಿತು ಎಂಬುದನ್ನು ಅದೊಂದೇ ಹೇಳುತ್ತದೆ.

ನಂತರದ ಎರಡು ಪುಟ ನಿಮ್ಮ ಬರಹವೇ ಅಲ್ಲ, ಕಿಟ್‌ನೊಳಗಿನ ಸೂಚನಾಪತ್ರ. ‘ಭಾಗ 7 ಭಾಗ 8ಕ್ಕೆ ಜೋಡಿಸಲ್ಪಡತಕ್ಕದ್ದು’ ಎಂದು ದಾವಣಗೆರೆಯಲ್ಲಿ ಹುಟ್ಟಿ ಬೆಳೆದವರು ಬರೆಯುತ್ತಾರೆಯೇ? ಗಾರೆ ಕೆಲಸದವರು ಮಾತಾಡುವುದನ್ನು ಒಂದು ದಿನ ನಿಂತು ಕೇಳಿ. ಸೂರು, ಸಜ್ಜಾ, ಜಗಲಿ, ತೊಲೆ, ಗಿಲಾವು ಎಲ್ಲವೂ ಅವರ ಬಾಯಲ್ಲಿವೆ. ನಿಮ್ಮ ಹತ್ತು ಪುಟಗಳಲ್ಲಿ ಅವುಗಳಲ್ಲಿ ಒಂದೂ ಇಲ್ಲ.

ಇನ್ನು ಹಳಿಯ ವಿಚಾರ. ಇದು 1970ರ ಸುಮಾರಿನ ದಾವಣಗೆರೆ ಎನ್ನುತ್ತೀರಿ. ಆಗ ಇಲ್ಲಿ ಓಡುತ್ತಿದ್ದದ್ದು ಮೀಟರ್ ಗೇಜ್ ಗಾಡಿ. ಹರಿಹರದ ತುಂಗಭದ್ರಾ ಸೇತುವೆಯನ್ನು ಅದರಲ್ಲಿಯೇ ಎಷ್ಟೋ ಸಲ ದಾಟಿದವನು ನಾನು. ನಿಮ್ಮ ಹಳಿಗಳ ಅಂತರ 16.5 ಮಿಲಿಮೀಟರ್. 1:87ರ ಅಳತೆಯಲ್ಲಿ, ಅಂದರೆ ನಿಜದ 87ನೆಯ ಒಂದು ಪಾಲಿನ ಮಾದರಿಯಲ್ಲಿ, ಅದು 1435 ಮಿಲಿಮೀಟರ್ ಆಗುತ್ತದೆ, ಎಂದರೆ ಯುರೋಪಿನ ಹಳಿ. ನಮ್ಮ ಈಗಿನ ಬ್ರಾಡ್ ಗೇಜ್ 1676, ಅಂದಿನ ಮೀಟರ್ ಗೇಜ್ ಬರೀ 1000. ನಿಮ್ಮ ಹಳಿ ಎರಡರ ನಡುವೆ ತ್ರಿಶಂಕುವಿನಂತೆ ನಿಂತಿದೆ. ಹಳಿಯನ್ನು ಕಿತ್ತುಹಾಕಿ ಎನ್ನುತ್ತಿಲ್ಲ. ಸುಲಭವಾಗಿ ಸಿಗುವ ಎಂಜಿನ್ನು, ಬೋಗಿಗಳು ಅದರ ಮೇಲೆಯೇ ಓಡುವಂಥವು ಎಂಬುದು ಗೊತ್ತು. ಆದರೆ ‘ಪಕ್ಕಾ ಅಳತೆಯ ಮೀಟರ್ ಗೇಜ್’ ಎಂಬ ಮಾತನ್ನು ಮಾತ್ರ ಹೊಡೆದುಹಾಕಿ. ಈ ಅಳತೆಯಲ್ಲಿ ಮೀಟರ್ ಗೇಜಿಗೆ ಬಳಸುವ 12 ಮಿಲಿಮೀಟರ್ ಹಳಿಯನ್ನೇ ಹಾಕಿದವರೊಬ್ಬರು ಓದಿದರೆ ಮುಂದಿನ ಯಾವ ಅಂಕಿಯನ್ನೂ ನಂಬುವುದಿಲ್ಲ.

ಗೋದಾಮಿನ ಮಾಡಿಗೆ ಕೆಂಪು ಬಣ್ಣ ಬಳಿದು ‘ಮಂಗಳೂರು ಹೆಂಚಾಯಿತು’ ಎಂದು ಬರೆದಿದ್ದೀರಿ. ಆಗಿಲ್ಲ. ಆ ಮಾಡು ಹಿಮ ಜಾರಿ ಬೀಳಲೆಂದು ಕಡಿದಾಗಿ ಎದ್ದದ್ದು. ಎಷ್ಟು ಕೆಂಪು ಬಳಿದರೂ ಅದು ಜರ್ಮನಿಯ ಮಾಡೇ. ಊರು ಕಾಣುವುದು ಬಣ್ಣದಲ್ಲಲ್ಲ, ಇಳಿಜಾರಿನಲ್ಲಿ. ಚಿತ್ರದಲ್ಲಿ ಅಳೆದು ನೋಡಿದೆ, ಸುಮಾರು 45 ಡಿಗ್ರಿ ಇದೆ. ಕಟ್ಟಡದ ಅಗಲ 80 ಮಿಲಿಮೀಟರ್ ಎಂದಿದ್ದೀರಿ. ಅಂದರೆ ಗೋಡೆಯ ತಲೆಯಿಂದ ಮಾಡಿನ ನೆತ್ತಿಗೆ 40 ಮಿಲಿಮೀಟರ್ ಎತ್ತರ. ಅದನ್ನು 30 ಡಿಗ್ರಿಗೆ ಇಳಿಸಿದರೆ ನೆತ್ತಿಯ ಎತ್ತರ 23ಕ್ಕೆ ಬರುತ್ತದೆ. ಎರಡೂ ತುದಿಯ ತ್ರಿಕೋನ ಗೋಡೆಗಳನ್ನು 17 ಮಿಲಿಮೀಟರಿನಷ್ಟು ತಗ್ಗಿಸಬೇಕು. ಮಾಡಿನ ಹಲಗೆಗಳು ಒಂದೊಂದೂ 10 ಮಿಲಿಮೀಟರಿನಷ್ಟು ಉದ್ದವಾಗಿ ಉಳಿಯುತ್ತವೆ. ಅದನ್ನು ಕತ್ತರಿಸಿ ಎಸೆಯಬೇಡಿ, ಹಾಗೆಯೇ ಹೊರಚಾಚಲು ಬಿಡಿ. ನಿಜದ ಅಳತೆಯಲ್ಲಿ ಸುಮಾರು ಮೂರಡಿಯ ಸೂರು ಪುಕ್ಕಟೆ ಸಿಕ್ಕಿತು, ಚೀಲ ಹೊರುವವರಿಗೆ ನೆರಳೂ ಆಯಿತು. ಗೋಡೆಗೆ ಗರಗಸ ತಾಗಿಸುವ ಮೊದಲು ಅದರ ಜೆರಾಕ್ಸ್ ತೆಗೆದು, ಕತ್ತರಿಸಿ, ಟೇಪ್ ಹಚ್ಚಿ ನಿಲ್ಲಿಸಿ ನೋಡಿ. ಕಾಗದ ಕೆಟ್ಟರೆ ಎರಡು ರೂಪಾಯಿ. ನೆತ್ತಿಯ ಮೇಲಿನ ಹೊಗೆಗೂಡನ್ನೂ ಕಿತ್ತುಹಾಕಿ. ಮೇ ತಿಂಗಳ ದಾವಣಗೆರೆಯಲ್ಲಿ ಗೋದಾಮಿಗೆ ಬೆಂಕಿ ಕಾಯಿಸುವವರು ಯಾರು!

ಈಗ ನಾಲ್ಕನೆಯ ಚಿತ್ರಕ್ಕೆ ಬರೋಣ. ಹೊರಮೈಯ ಮರದ ಪಟ್ಟಿಗಳನ್ನು ತಿಕ್ಕಿ ಅಳಿಸುವ ಬದಲು ಗೋಡೆಗಳನ್ನೇ ಒಳಹೊರಗು ಮಾಡಿ, ನುಣುಪಾದ ಒಳಮೈಯನ್ನು ಗಿಲಾವಿನ ಗೋಡೆಯಾಗಿ ಹೊರಕ್ಕೆ ತಿರುಗಿಸಿದ್ದೀರಿ. ಜಾಣತನದ ಕೆಲಸ. ಇಡೀ ಲೇಖನದಲ್ಲಿ ಇಷ್ಟೊಂದು ನಿಮ್ಮದೇ ಆದದ್ದು ಬೇರೇನೂ ಇಲ್ಲ. ಅದಕ್ಕೆ ನೀವು ಕೊಟ್ಟದ್ದು ಅರ್ಧ ಸಾಲು. ಏಕೆಂದು ಚಿತ್ರ ನೋಡಿದ ಮೇಲೆ ತಿಳಿಯಿತು. ಗೋಡೆಗಳ ಅಂಚು ಒಳಗಡೆ ಓರೆಯಾಗಿತ್ತು. ತಿರುಗಿಸಿದ ಮೇಲೆ ಆ ಓರೆ ಹೊರಗೆ ಬಂತು, ಮೂಲೆ ಯಾರೋ ಹೆರೆದಂತೆ ಚಪ್ಪಟೆಯಾಯಿತು, ಎರಡು ಗೋಡೆಗಳು ಕೂದಲೆಳೆಯಷ್ಟು ಮಾತ್ರ ತಾಗಿ ನಡುವೆ ಬಿರುಕು ಬಿಟ್ಟಿತು. ಆ ಬಿರುಕಿನ ಮುಂದೆ ಒಂದು ಪೈಪು ನಿಲ್ಲಿಸಿ ಮುಂದೆ ಹೋಗಿದ್ದೀರಿ. ಪೈಪಿನ ದಪ್ಪ 4 ಮಿಲಿಮೀಟರ್, ಎಂದರೆ ನಿಜದಲ್ಲಿ ಒಂದಡಿಗೂ ಮಿಕ್ಕಿದ ಕೊಳವೆ. ಅದಕ್ಕೆ ನೀರು ಕೊಡಲು ಸೂರಿನಲ್ಲಿ ಮಳೆನೀರಿನ ದೋಣಿಯೇ ಇಲ್ಲ!

ಪೈಪಿಟ್ಟು ಮುಚ್ಚಿದ್ದು ತಪ್ಪಲ್ಲ. ಕಿಟ್‌ಬ್ಯಾಶಿಂಗ್, ಅಂದರೆ ಕಿಟ್‌ಗಳನ್ನು ಕತ್ತರಿಸಿ ಬೇರೆಯದೇ ಕಟ್ಟಡ ಮಾಡುವ ಕೆಲಸ, ಮಾಡುವವರು ಎಲ್ಲ ಕಡೆ ಬೆಸುಗೆಯ ಗೆರೆಯನ್ನು ಹೀಗೆಯೇ ಮರೆಮಾಡುತ್ತಾರೆ. ಅದನ್ನು ಬರೆಯದೇ ಬಿಟ್ಟದ್ದು ತಪ್ಪು. ನಿಮ್ಮ ಲೇಖನ ಓದಿ ಯಾರಾದರೂ ಗೋಡೆ ತಿರುಗಿಸಿದರೆ ಅವರ ಮೂಲೆಯೂ ಬಿರಿಯುತ್ತದೆ, ಆಗ ಅವರು ತಮ್ಮ ಕೈಯನ್ನೇ ಬೈದುಕೊಳ್ಳುತ್ತಾರೆ. ಒಳಮೂಲೆಗೆ ಚೌಕದ ಪ್ಲಾಸ್ಟಿಕ್ ಪಟ್ಟಿ ಕೊಟ್ಟು ಬಿಗಿ ಮಾಡಿ, ಹೊರಗಿನ ಓರೆಗೆ ಪುಟ್ಟಿ ತುಂಬಿ ತಿಕ್ಕಬಹುದಿತ್ತು. ನನ್ನನ್ನು ಕೇಳಿದರೆ ಅಲ್ಲೊಂದು ಮೂಲೆಗಂಬ ಎಬ್ಬಿಸುತ್ತಿದ್ದೆ. ಒಂದೂವರೆ ಅಡಿಯ ಕಂಬಕ್ಕೆ ನಿಮ್ಮ ಅಳತೆಯಲ್ಲಿ 5 ಮಿಲಿಮೀಟರಿಗೆ ತುಸು ಹೆಚ್ಚು ಸಾಕು. ಹಳೆಯ ಗೋದಾಮುಗಳಲ್ಲಿ ಅಂಥ ಕಂಬಗಳನ್ನು ನೀವೂ ನೋಡಿರುತ್ತೀರಿ. ಲೇಖನವನ್ನು ಈ ಮೂಲೆಯಿಂದಲೇ ಆರಂಭಿಸಿ: ಗೋಡೆ ತಿರುಗಿಸಿದ್ದು, ಅಂಟು ಹಾಕಿದ್ದು, ಬಿರುಕು ಕಂಡದ್ದು, ಆ ರಾತ್ರಿ ನೀವು ಮಾಡಿದ್ದು.

ಅಂಟಿನ ಬಗ್ಗೆ ಒಂದು ಮಾತು. ಮರದ ಬಿಳಿ ಅಂಟು ಈ ಪ್ಲಾಸ್ಟಿಕ್ಕನ್ನು ಹಿಡಿಯುವುದಿಲ್ಲ. ಪ್ಲಾಸ್ಟಿಕ್ಕನ್ನೇ ಕರಗಿಸಿ ಬೆಸೆಯುವ ಅಂಟು ಬೇಕು, ಅದನ್ನು ಹಚ್ಚುವಾಗ ಕಿಟಕಿ ತೆರೆದಿರಬೇಕು. ಇದನ್ನು ಮರೆಯದೆ ಬರೆಯಿರಿ, ಮಕ್ಕಳೂ ಓದುತ್ತಾರೆ.

ಗಿರಣಿಗೆ ಮೂರು ಕಿಟ್ ಸೇರಿಸಿ ಗರಗಸದ ಹಲ್ಲಿನಂಥ ಮಾಡು ಎಬ್ಬಿಸಿದ್ದು ಚೆನ್ನಾಗಿದೆ. ಆದರೆ ನಕ್ಷೆಯಲ್ಲಿ ನೀವೇ ಹಾಕಿದ ಬಾಣದ ಪ್ರಕಾರ ಆ ಹಲ್ಲುಗಳ ಗಾಜು ತೆಂಕಣಕ್ಕೆ ಮುಖ ಮಾಡಿದೆ. ನೇರ ಬಿಸಿಲು ಬೀಳದೆ ಹದವಾದ ಬೆಳಕು ಬರಲಿ ಎಂದೇ ಅಂಥ ಗಾಜನ್ನು ಬಡಗಣಕ್ಕೆ ಇಡುವುದು. (ನಮ್ಮ ಸೀಮೆಯಲ್ಲಿ ಮೇ ತಿಂಗಳಿಂದ ಆಗಸ್ಟ್ ಮೊದಲ ಭಾಗದವರೆಗೆ ನಡುಹಗಲಿನ ಸೂರ್ಯ ಬಡಗಣಕ್ಕೆ ವಾಲುತ್ತಾನೆ, ನಿಜ. ಆ ನೆಪ ಉಳಿದ ಎಂಟು ತಿಂಗಳಿಗೆ ನಡೆಯುವುದಿಲ್ಲ.) ಗಿರಣಿಯನ್ನು ಒಡೆಯಬೇಕಿಲ್ಲ. ನಕ್ಷೆಯ ಬಾಣವನ್ನು ತಿರುಗಿಸಿ, ಯಾರಿಗೂ ಹೇಳುವುದಿಲ್ಲ.

ಭಟ್ಟಿಯನ್ನು ಮೇಲಿಂದ ಕೆಳಗಿನವರೆಗೆ ಒಂದೇ ಸಮನೆ ಕಪ್ಪು ಮಾಡಿದ್ದೀರಿ. ಮಸಿ ಹಾಗೆ ಕೂರುವುದಿಲ್ಲ. ಹೊಗೆ ಹೊರಬೀಳುವ ಕಂಡಿಯ ಮೇಲೆ ದಟ್ಟವಾಗಿ, ದೂರ ಸರಿದಂತೆ ತೆಳುವಾಗಿ, ಕೆಳಗಡೆ ಕೈ ಮೈ ತಾಗುವ ಎತ್ತರದಲ್ಲಿ ಬೇರೆಯೇ ಜಿಡ್ಡಾಗಿ ಕೂರುತ್ತದೆ. ನೀರಾದ ಕಪ್ಪು ಬಣ್ಣವನ್ನು ಎರಡು ಮೂರು ಸಲ ಹರಿಯಬಿಟ್ಟು, ಒಣಗಿದ ಮೇಲೆ ಸೀಮೆಸುಣ್ಣದ ಪುಡಿ ಉಜ್ಜಿ ನೋಡಿ. ಅದಕ್ಕೂ ಮೊದಲು ಊರಿನ ಭಟ್ಟಿಗಳ ಕಡೆ ಒಮ್ಮೆ ಹೋಗಿ ಬನ್ನಿ. ಜರ್ಮನಿಯ ಪೆಟ್ಟಿಗೆಯ ಮೇಲಿನ ಚಿತ್ರವನ್ನು ಅಷ್ಟು ಹೊತ್ತು ನೋಡಿದವರು ಮನೆಯಿಂದ ಆಟೋ ದೂರದಲ್ಲಿರುವುದನ್ನು ನೋಡಿಲ್ಲ ಎಂಬುದು ನನಗೆ ಸೋಜಿಗ. ಹಾಗೆಯೇ ನೆಲಕ್ಕೆ ಹಾಸಿದ ಆ ಹಚ್ಚಹಸುರು ಹುಲ್ಲನ್ನು ಎತ್ತಿಬಿಡಿ. ಅಲ್ಲಿ ಎರೆಮಣ್ಣಿರಲಿ.

ಹತ್ತು ಪುಟ ಆರಾಗಲಿ. ಚಿತ್ರಗಳು ಐದು ಸಾಕು: ಜೆರಾಕ್ಸ್ ಗೋಡೆ, ತಗ್ಗಿಸಿದ ಮಾಡು, ಗಿರಣಿ, ತಿದ್ದಿದ ಭಟ್ಟಿ, ಮತ್ತು ಪೈಪು ಕಿತ್ತ ಮೇಲಿನ ಆ ಮೂಲೆ. ಅದನ್ನು ಸರಿಪಡಿಸುವ ಮೊದಲೇ ಚಿತ್ರ ತೆಗೆಯಿರಿ.

ಇಂತಿ,
ಸಂಪಾದಕ