ತನ್ನನ್ನು ತಾನು ಅರಿತವನಿಗೆ ಮಂತ್ರಶಕ್ತಿ ಬರುವ ಕಾದಂಬರಿ ಬರೆಯುತ್ತಿದ್ದೇನೆ. ಅದು ಪ್ರವಚನ ಆಗದಂತೆ ನೋಡಿಕೊಳ್ಳುವುದು ಹೇಗೆ?

ನಿಮ್ಮ ಪ್ರಶ್ನೆ ಓದಿ ನಗು ಬಂತು. ನಿಮ್ಮನ್ನು ನೋಡಿ ಅಲ್ಲ, ನನ್ನನ್ನೇ ನೆನೆಸಿಕೊಂಡು. ನಿಮ್ಮ ಲೋಕದಲ್ಲಿ ಶಕ್ತಿ ಹುಟ್ಟುವುದು ಆತ್ಮದಿಂದ, ತನ್ನನ್ನು ಎಷ್ಟು ಅರಿತರೆ ಅಷ್ಟು ಬಲ, ಅದಕ್ಕೆ ಒಂಬತ್ತು ಮೆಟ್ಟಿಲು, ಆದರೆ ಓದಿದ ಗೆಳೆಯರೆಲ್ಲ ‘ಪ್ರವಚನ ಕೇಳಿದ ಹಾಗಾಯ್ತು’ ಅಂದರು ಎಂದು ಬರೆದಿದ್ದೀರಿ. ಕೆಲವು ವರ್ಷದ ಹಿಂದೆ ನಾನೂ ಇಂಥದ್ದೇ ಒಂದನ್ನು ಶುರು ಮಾಡಿದ್ದೆ. ನನ್ನದು ಏಳೇ ಮೆಟ್ಟಿಲು. ನಾಯಕ ಬೆಟ್ಟದ ಮೇಲೆ ಕಣ್ಣು ಮುಚ್ಚಿ ಕೂರುತ್ತಿದ್ದ, ಎದ್ದಾಗ ಒಂದು ಮೆಟ್ಟಿಲು ಹತ್ತಿರುತ್ತಿದ್ದ. ಇನ್ನೂರು ಪುಟ ಓದಿದ ನನ್ನ ಅಕ್ಕ ಹೇಳಿದ್ದು ಇಷ್ಟೇ: "ಇವನಿಗೆ ಮುಂದಿನ ಪ್ರಮೋಷನ್ ಯಾವಾಗ ಅಂತ ಕಾಯೋದೇ ಆಯ್ತಲ್ಲೋ."

ಅವಳು ಹೇಳಿದ್ದು ಸರಿಯಾಗಿತ್ತು. ಆತ್ಮದಲ್ಲಿ ತೊಂದರೆ ಇರಲಿಲ್ಲ, ಮೆಟ್ಟಿಲಲ್ಲಿತ್ತು. ನಮ್ಮ ಬಗ್ಗೆ ನಮಗೆ ಹೊಸದಾಗಿ ಗೊತ್ತಾಗುವ ಸಂಗತಿ ಯಾವತ್ತಾದರೂ ಹೆಮ್ಮೆಯದ್ದಾಗಿರುತ್ತದೆಯಾ? ಹೆಚ್ಚಾಗಿ ನಾಚಿಕೆಯದ್ದೇ ಅಲ್ವಾ? ನಮ್ಮ ಮಂತ್ರವಾದಿಗಳಿಗೆ ಮಾತ್ರ ಯಾವಾಗಲೂ ಒಳ್ಳೆಯದೇ ಗೊತ್ತಾಗುತ್ತಿರುತ್ತದೆ. ಒಳಗೆ ಬೆಳಕಿದೆ, ಪ್ರೀತಿ ಇದೆ, ಅನಂತ ಇದೆ. ಪ್ರವಚನದ ವಾಸನೆ ಬರುವುದು ಅಲ್ಲಿಂದ.

ನನ್ನ ಕಣ್ಣು ತೆರೆಸಿದ್ದು ಒಂದು ಹಳೇ ಕಥೆ. ಬುದ್ಧನ ಹಿಂದಿನ ಜನ್ಮಗಳನ್ನು ಹೇಳುವ ಪಾಲಿ ಭಾಷೆಯ ಜಾತಕ ಕಥೆಗಳಲ್ಲಿ 444ನೆಯದು, ಕಣ್ಹದೀಪಾಯನ ಜಾತಕ. ಒಬ್ಬ ತಪಸ್ವಿ ತನ್ನ ಗೆಳೆಯನ ಊರಿಗೆ ಬಂದಿದ್ದಾನೆ. ಗೆಳೆಯನ ಮಗ ಚೆಂಡಾಡುತ್ತಿದ್ದಾನೆ. ಚೆಂಡು ಉರುಳಿ ಹುತ್ತದೊಳಗೆ ಹೋಯಿತು. ಹುಡುಗ ಕೈ ಹಾಕಿದ, ಹಾವು ಕಚ್ಚಿತು. ಅಪ್ಪ ಅಮ್ಮ ಹುಡುಗನನ್ನು ತಂದು ತಪಸ್ವಿಯ ಕಾಲ ಬಳಿ ಮಲಗಿಸಿದರು. ತಪಸ್ವಿಗೆ ಔಷಧ ಗೊತ್ತಿಲ್ಲ. ಒಂದು ಸತ್ಯ ಹೇಳುತ್ತೇನೆ, ಅದರ ಬಲದಿಂದ ವಿಷ ಇಳಿಯಲಿ ಎನ್ನುತ್ತಾನೆ. ಇದಕ್ಕೆ ಸತ್ಯಕ್ರಿಯೆ ಎಂಬ ಹೆಸರೇ ಇದೆ.

ಹೇಳಿದ್ದೇನು ಗೊತ್ತಾ? ಸನ್ಯಾಸಿಯಾಗಿ ನಾನು ಮನಸ್ಸಿಟ್ಟು ಬದುಕಿದ್ದು ಮೊದಲ ಏಳು ದಿನ ಮಾತ್ರ. ಆಮೇಲಿನ ಐವತ್ತು ಚಿಲ್ಲರೆ ವರ್ಷ ಇಷ್ಟವಿಲ್ಲದೇ ಕಳೆದೆ. ವಿಷ ಎದೆಯಿಂದ ಮೇಲಕ್ಕೆ ಇದ್ದಷ್ಟು ಇಳಿಯಿತು. ಹುಡುಗ ಕಣ್ಣು ಬಿಟ್ಟು ‘ಅಮ್ಮಾ’ ಅಂದ, ಮತ್ತೆ ಮಗ್ಗುಲಾಗಿ ಮಲಗಿದ. ಈಗ ಅಪ್ಪನ ಸರದಿ. ಇಷ್ಟು ದಾನ ಮಾಡಿದೆನಲ್ಲ, ಒಂದನ್ನೂ ಮನಸಾರೆ ಮಾಡಲಿಲ್ಲ ಅಂದ. ವಿಷ ಸೊಂಟದವರೆಗೆ ಇಳಿಯಿತು. ಹುಡುಗ ಎದ್ದು ಕೂತ, ನಿಲ್ಲಲಾಗಲಿಲ್ಲ. ಉಳಿದವಳು ಅಮ್ಮ. ನನ್ನ ಹತ್ತಿರವೂ ಒಂದು ಸತ್ಯ ಇದೆ, ಆದರೆ ನಿಮ್ಮ ಎದುರಿಗೆ ಹೇಳಲಾರೆ ಅಂದಳು ಗಂಡನಿಗೆ. ಏನಾದರೂ ಆಗಲಿ, ಮಗನನ್ನು ಉಳಿಸು ಅಂದ ಆತ. ಅವಳು ಹೇಳಿದಳು: ನಿನ್ನನ್ನು ಕಚ್ಚಿದ ಈ ಹಾವು ನನಗೆ ಎಷ್ಟು ಬೇಡವೋ, ನಿನ್ನಪ್ಪನೂ ಅಷ್ಟೇ ಬೇಡ ಮಗನೇ. ವಿಷ ಪೂರ್ತಿ ಇಳಿಯಿತು. ಹುಡುಗ ಎದ್ದು ಆಟಕ್ಕೆ ಹೋದ.

ಹುಡುಗನೇನೋ ಆಟಕ್ಕೆ ಹೋದ. ಆ ಮೂವರೂ ಅಲ್ಲೇ ಉಳಿದರಲ್ಲ! ಮುಂದೆ ಒಬ್ಬರನ್ನೊಬ್ಬರು ಕೇಳುತ್ತಾರೆ, ಇಷ್ಟವಿಲ್ಲದಿದ್ದರೆ ಇಷ್ಟು ವರ್ಷ ಯಾಕೆ ಹೀಗೆ ಬದುಕಿದೆ ಅಂತ.

ನಿಮಗೆ ಬೇಕಾದ ನಿಯಮ ಎಲ್ಲಾ ಇದರಲ್ಲೇ ಇದೆ. ಸುಮ್ನೆ ಗೊತ್ತಿದ್ದರೆ ಸಾಲದು, ಬಾಯಿ ಬಿಟ್ಟು ಹೇಳಬೇಕು. ಅದೂ ಯಾರಿಗೆ ಗೊತ್ತಾಗಬಾರದೋ ಅವರ ಮುಂದೆಯೇ. ಇನ್ನೊಂದನ್ನು ನಾನು ಸೇರಿಸಿಕೊಂಡೆ: ಒಂದು ಸತ್ಯ ಒಂದೇ ಸಲ ನಡೆಯುತ್ತದೆ. ಎರಡನೇ ಸಲ ಹೇಳುವಾಗ ಅದು ಎಲ್ಲರಿಗೂ ಗೊತ್ತಿರುವ ಸುದ್ದಿ, ಅದರಲ್ಲಿ ಕಾವು ಇರುವುದಿಲ್ಲ. ಹಾಗಾಗಿ ನಿಮ್ಮ ಮಂತ್ರವಾದಿ ಪ್ರತಿ ಸಲ ಹೊಸದೊಂದನ್ನು ಒಳಗಿಂದ ಅಗೆದು ತೆಗೆಯಬೇಕು. ಅವನ ದಾಸ್ತಾನು ಮುಗಿಯುತ್ತಾ ಬರುತ್ತದೆ. ಬೇಕೆಂದೇ ಹೊಸ ತಪ್ಪು ಮಾಡಿ ದಾಸ್ತಾನು ತುಂಬಿಕೊಳ್ಳುವ ಒಬ್ಬನನ್ನೂ ತರಬಹುದು. ಇದು ಈಗ ಬರೆಯುವಾಗ ಹೊಳೆದದ್ದು, ಬೇಕಿದ್ದರೆ ಇಟ್ಟುಕೊಳ್ಳಿ.

ಬೆಟ್ಟದ ನಾಯಕನನ್ನು ಬಿಟ್ಟು ನಾನು ಹೊಸದಾಗಿ ಬರೆದದ್ದು ಒಬ್ಬ ಅಂಬಿಗನ ಕಥೆ. ಹೊಳೆ ಉಕ್ಕಿದೆ. ದೋಣಿಯಲ್ಲಿ ಎಂಟು ಜನ. ಅಂಬಿಗ ನೀರಿಗೆ ಕೈ ಅದ್ದಿ ಹೇಳುತ್ತಾನೆ, "ಇವರನ್ನೆಲ್ಲ ಉಳಿಸಬೇಕು ಅಂತ ನನಗೆ ಆಸೆ." ಏನೂ ಆಗುವುದಿಲ್ಲ. "ನನಗೆ ಸಾಯೋಕೆ ಭಯ." ಇದು ಅವನಿಗೇನು, ಎಲ್ಲರಿಗೂ ಇರುವುದೇ. ನೀರು ಬೊಗಸೆಯಷ್ಟು ಇಳಿದಿರಬಹುದು. ದೋಣಿ ತಿರುಗಲು ಶುರುವಾಯಿತು. ಆಗ ಹುಟ್ಟು ಕೆಳಗಿಟ್ಟು ಹೇಳಿದ: "ಹೋದ ಮಳೆಗಾಲ ತಮ್ಮ ಮುಳುಗುವಾಗ ಹಗ್ಗ ನನ್ನ ಕೈಯಲ್ಲೇ ಇತ್ತು. ಎಸೆದೆ. ಆದರೆ ಎಸೆಯೋ ಮುಂಚೆ ಒಂದು ಗಳಿಗೆ ತಡ ಮಾಡಿದೆ. ಆ ಗಳಿಗೆಯಲ್ಲಿ ಕೆರೆ ಕೆಳಗಿನ ಗದ್ದೆ ನೆನಪಿಗೆ ಬಂತು." ಹೊಳೆ ಮಲಗಿತು. ತಮ್ಮನ ಹೆಂಡತಿ ಅದೇ ದೋಣಿಯಲ್ಲಿ, ಅವನ ಎದುರಿಗೇ, ಮಗುವನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು.

ಇದನ್ನು ಅಕ್ಕನಿಗೆ ಕಳಿಸಿದೆ. ಈ ಸಲ ಪ್ರಮೋಷನ್ ಸುದ್ದಿ ಇರಲಿಲ್ಲ. "ಮುಂದೆ?" ಅಂತ ಮಾತ್ರ ಬಂತು.

ಖಳನ ವಿಷಯಕ್ಕೆ ಬರೋಣ. ನಿಮ್ಮ ಖಳ ತನ್ನನ್ನು ತಾನು ಅರಿಯದವನು, ಅದಕ್ಕೇ ಕೊನೆಗೆ ಸೋಲುತ್ತಾನೆ ಎಂದಿದ್ದೀರಿ. ದಯವಿಟ್ಟು ಹಾಗೆ ಮಾಡಬೇಡಿ. ಮಿಲಿಂದಪ್ರಶ್ನೆ ಎಂಬ ಹಳೇ ಬೌದ್ಧ ಗ್ರಂಥದಲ್ಲಿ ಬಿಂದುಮತಿ ಎಂಬ ವೇಶ್ಯೆಯ ಕಥೆ ಬರುತ್ತದೆ. ಗಂಗೆ ತುಂಬಿ ಹರಿಯುತ್ತಿರುವಾಗ ಅಶೋಕ, ಇದನ್ನು ಹಿಂದಕ್ಕೆ ಹರಿಸುವವರು ಯಾರಾದರೂ ಇದ್ದಾರಾ ಎಂದು ಕೇಳುತ್ತಾನೆ. ಪಾಟಲಿಪುತ್ರದ ಬಿಂದುಮತಿ ಸತ್ಯಕ್ರಿಯೆ ಮಾಡುತ್ತಾಳೆ, ಗಂಗೆ ಭೋರೆಂದು ಹಿಂದಕ್ಕೆ ತಿರುಗುತ್ತದೆ. ರಾಜ ಅವಳನ್ನು ಬಾಯಿಗೆ ಬಂದಂತೆ ಬೈದು, ನಿನ್ನಂಥವಳ ಹತ್ತಿರ ಎಂಥ ಸತ್ಯ ಇರಲು ಸಾಧ್ಯ ಎನ್ನುತ್ತಾನೆ. ಅವಳು ಬೈಗುಳವನ್ನು ಅಲ್ಲಗಳೆಯುವುದಿಲ್ಲ. ನಾನು ಅಂಥವಳೇ ಹೌದು, ಆದರೆ ದುಡ್ಡು ಕೊಟ್ಟವನು ಕ್ಷತ್ರಿಯನೋ ಬ್ರಾಹ್ಮಣನೋ ವೈಶ್ಯನೋ ಶೂದ್ರನೋ ನೋಡುವುದಿಲ್ಲ, ಮೇಲೂ ಇಲ್ಲ ಕೀಳೂ ಇಲ್ಲ, ಎಲ್ಲರನ್ನೂ ಒಂದೇ ಥರ ಕಾಣುತ್ತೇನೆ, ಅದೇ ನನ್ನ ಸತ್ಯ ಎನ್ನುತ್ತಾಳೆ.

ಅಂದರೆ ಶಕ್ತಿ ಒಳ್ಳೆಯವರ ಸೊತ್ತಲ್ಲ. ತಾನೇನೆಂದು ಮುಚ್ಚುಮರೆ ಇಲ್ಲದೆ ಗೊತ್ತಿರುವವರದ್ದು. ‘ನಾನು ಕ್ರೂರಿ, ಬದಲಾಗುವ ಆಸೆ ಇಲ್ಲ, ರಾತ್ರಿ ನಿದ್ದೆಯೂ ಚೆನ್ನಾಗಿ ಬರುತ್ತೆ’ ಎಂದು ಒಬ್ಬ ಖಳ ತಣ್ಣಗೆ ಹೇಳಿ ಕೋಟೆ ಬಾಗಿಲು ಮುರಿದರೆ ಹೇಗಿರುತ್ತದೆ ಯೋಚಿಸಿ. ಎದುರಿಗಿರುವ ನಿಮ್ಮ ನಾಯಕ ಇನ್ನೂ ‘ನಾನು ನ್ಯಾಯಕ್ಕಾಗಿ ಹೋರಾಡುತ್ತಿದ್ದೇನೆ’ ಎಂದು ತನಗೆ ತಾನೇ ಸುಳ್ಳು ಹೇಳಿಕೊಳ್ಳುತ್ತಾ ನಿಂತಿದ್ದಾನೆ. ಅವನ ಕೈಯಲ್ಲಿ ಕಿಡಿಯೂ ಹತ್ತುವುದಿಲ್ಲ.

ಇನ್ನು ಒಂಬತ್ತನೇ ಮೆಟ್ಟಿಲು, ಪೂರ್ಣ ಜ್ಞಾನಿ. ಪತಂಜಲಿಯ ಯೋಗಸೂತ್ರದ ಮೂರನೇ ಪಾದದಲ್ಲಿ ಸಿದ್ಧಿಗಳ ದೊಡ್ಡ ಪಟ್ಟಿಯೇ ಇದೆ. ಹಿಂದಿನ ಜನ್ಮ ತಿಳಿಯುವುದು, ಪ್ರಾಣಿಗಳ ಮಾತು ಅರ್ಥವಾಗುವುದು, ಕಣ್ಣಿಗೆ ಕಾಣದಂತಾಗುವುದು, ಆನೆಯ ಬಲ ಬರುವುದು. ಅದೇ ಪಾದದ ನಡುವೆ, ಸಮಾಧಿಗೆ ಇವೇ ಅಡ್ಡಿ ಎಂಬ ಸೂತ್ರವೂ ಇದೆ. ನಮ್ಮಲ್ಲಿ ಇದನ್ನು ಅಲ್ಲಮನ ಕಥೆ ಕಣ್ಣಿಗೆ ಕಟ್ಟುವಂತೆ ಹೇಳುತ್ತದೆ. 15ನೇ ಶತಮಾನದ ಚಾಮರಸನ ಪ್ರಭುಲಿಂಗಲೀಲೆಯಲ್ಲೂ ಬರುತ್ತದೆ, ಶೂನ್ಯಸಂಪಾದನೆಯಲ್ಲೂ ಬರುತ್ತದೆ. ಗೋರಕ್ಷ ಎಂಬ ಯೋಗಿ ಸಾಧನೆಯಿಂದ ದೇಹವನ್ನು ವಜ್ರ ಮಾಡಿಕೊಂಡಿದ್ದಾನೆ. ಬೇಕಾದರೆ ಹೊಡೆದು ನೋಡು ಎಂದು ಕತ್ತಿ ಕೊಡುತ್ತಾನೆ. ಅಲ್ಲಮ ಹೊಡೆದರೆ ಖಣಿಲ್ ಎಂಬ ಸದ್ದು, ಮೈಗೆ ಏನೂ ಇಲ್ಲ. ಈಗ ಗೋರಕ್ಷ ಅಲ್ಲಮನಿಗೆ ಹೊಡೆಯುತ್ತಾನೆ. ಕತ್ತಿ ಬಯಲಲ್ಲಿ ಬೀಸಿದ ಹಾಗೆ ಈ ಕಡೆಯಿಂದ ಆ ಕಡೆಗೆ ಹೋಗುತ್ತದೆ. ತಾಗುವುದಕ್ಕೆ ಅಲ್ಲಿ ಏನೂ ಇಲ್ಲ.

ಓದಲು ರೋಮಾಂಚನ ಆಗುತ್ತದೆ. ಕಾದಂಬರಿ ಬರೆಯುವವನಿಗೆ ಮಾತ್ರ ಇದು ಫಜೀತಿ. ಖಣಿಲ್ ಅನ್ನುವವನನ್ನು ಇಟ್ಟುಕೊಂಡು ಯುದ್ಧದ ದೃಶ್ಯ ಬರೆಯಬಹುದು. ಕತ್ತಿಗೇ ಸಿಗದವನಿಗೆ ಯಾವ ಯುದ್ಧ? ಅವನಿಗೆ ಸಿಂಹಾಸನವೂ ಬೇಡ, ಸೇಡೂ ಬೇಡ. ಹಾಗಾಗಿ ಮೆಟ್ಟಿಲಿನ ಬದಲು ಒಂದು ದಿಬ್ಬ ಇಡಿ. ಅರಿವು ಬೆಳೆದ ಹಾಗೆ ಬಲ ಏರುತ್ತದೆ. ಒಂದು ಹಂತ ದಾಟಿದ ಮೇಲೆ ಇಳಿಯುತ್ತದೆ, ಯಾಕೆಂದರೆ ಬಲ ಬೇಕು ಎನ್ನುವವನೇ ಒಳಗೆ ಕರಗುತ್ತಿರುತ್ತಾನೆ. ಇಂಥ ಕಥೆಗಳಲ್ಲಿ ಬೆಟ್ಟದ ಮೇಲೆ ಕೂತಿರುವ ಮುದಿ ಗುರು ಯುದ್ಧಕ್ಕೆ ಯಾಕೆ ಬರುವುದಿಲ್ಲ ಎಂಬ ಪ್ರಶ್ನೆಗೆ ಸಲೀಸಾಗಿ ಉತ್ತರ ಸಿಕ್ಕಿತು ನೋಡಿ. ಅವನಿಗೆ ಈಗ ಬೀಡಿ ಹಚ್ಚುವಷ್ಟು ಬೆಂಕಿಯೂ ಬರುವುದಿಲ್ಲ, ಬೇಜಾರೂ ಇಲ್ಲ.

ಕೊನೆಗೆ ಒಂದು ಸಣ್ಣ ಮಾತು. ‘ಆತ್ಮ’ ಎಂಬ ಪದವನ್ನು ಪುಸ್ತಕದಿಂದ ತೆಗೆದುಬಿಡಿ. ತಮಾಷೆ ನೋಡಿ, ನಾನು ಹೇಳಿದ ಕಥೆಗಳಲ್ಲಿ ಎರಡು ಆತ್ಮವೇ ಇಲ್ಲ ಎನ್ನುವ ಬೌದ್ಧರವು. ಆ ಪದ ಬಂದ ಕೂಡಲೇ ಓದುಗನ ಕಿವಿಯಲ್ಲಿ ಮೈಕ್ ಸದ್ದು ಶುರುವಾಗುತ್ತದೆ. ನಮ್ಮ ಅಜ್ಜಿ ಕಥೆಯ ರಾಕ್ಷಸನ ಜೀವ ಏಳು ಸಮುದ್ರದಾಚೆ ಗಿಳಿಯಲ್ಲಿ ಇರುತ್ತಿತ್ತಲ್ಲ, ಆ ‘ಜೀವ’ ಸಾಕು. ಗಿಳಿಯ ಕತ್ತು ಹಿಚುಕಿದರೆ ರಾಕ್ಷಸ ಬೀಳುತ್ತಾನೆ ಎಂದು ಐದು ವರ್ಷದ ಮಗುವಿಗೂ ಅರ್ಥವಾಗುತ್ತಿತ್ತು.

ನನ್ನ ಅಂಬಿಗನ ಕಥೆ ಏನಾಯಿತು ಎಂದು ಕೇಳುತ್ತೀರೇನೋ. ದೋಣಿ ದಡ ಮುಟ್ಟಿದೆ. ಏಳು ಜನ ಇಳಿದು ಹೋಗಿದ್ದಾರೆ. ತಮ್ಮನ ಹೆಂಡತಿ ಇನ್ನೂ ಕೂತೇ ಇದ್ದಾಳೆ, ಮಗು ನಿದ್ದೆ ಹೋಗಿದೆ. ಅವಳ ಬಾಯಲ್ಲಿ ಮೊದಲ ಮಾತು ಏನು ಬರಬೇಕು ಎಂದು ಹೋದ ವಾರದಿಂದ ಬರೆದು ಬರೆದು ಹರಿಯುತ್ತಿದ್ದೇನೆ.