ರಕ್ತ ಕೊಡಲು ಹೋಗಿ ಎರಡು ಸಲ ವಾಪಸ್ ಬಂದ ಹುಡುಗಿ

ಬಯಲುಸೀಮೆಯ ಒಂದು ಜಿಲ್ಲಾ ಕೇಂದ್ರ. ಹುಡುಗಿಗೆ 19 ವರ್ಷ, ಬಿಎಸ್ಸಿ ಎರಡನೇ ವರ್ಷ, ಸರ್ಕಾರಿ ಹಾಸ್ಟೆಲ್‌ನಲ್ಲಿ ವಾಸ. ಅವಳ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವಳು ಇವಳೇ ಮೊದಲು. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದೆ.

ಆಪ್ತಸಮಾಲೋಚನೆಗೆಂದು ನಮ್ಮ ಬಳಿಗೆ ಯಾರೂ ಕಳಿಸದೆ ತಾನಾಗಿಯೇ ಬಂದಿದ್ದಳು. “ಮೇಡಂ, ಇರೋ ಒಂದು ಜನ್ಮದಲ್ಲಿ ಮನಸ್ಸು ತುಂಬ ಬದುಕಬೇಕು, ನಾಲ್ಕು ಜನಕ್ಕೆ ಉಪಯೋಗ ಆಗ್ಬೇಕು ಅಂತ ಆಸೆ. ಆದ್ರೆ ಬೆಳಿಗ್ಗೆ ಎದ್ದೇಳೋಕೇ ಆಗ್ತಿಲ್ಲ. ನಾನು ಬರೀ ಮಾತಲ್ಲೇ ದೊಡ್ಡವಳು ಅನ್ಸುತ್ತೆ,” ಎಂದಳು. ಒಂದು ನೋಟ್‌ಬುಕ್ಕಿನಲ್ಲಿ 41 ಆಸೆಗಳನ್ನು ಬರೆದಿಟ್ಟಿದ್ದಳು. ಐಎಎಸ್, ಚಾರಣ, ಊರಲ್ಲೊಂದು ಗ್ರಂಥಾಲಯ, ರಕ್ತದಾನ, ಹೀಗೆ. ರಕ್ತದಾನಕ್ಕೆಂದು ಎರಡು ಶಿಬಿರಗಳಿಗೆ ಹೋಗಿದ್ದಳು. ಎರಡೂ ಕಡೆ ಬೆರಳು ಚುಚ್ಚಿ ನೋಡಿ ‘ಹಿಮೋಗ್ಲೋಬಿನ್ ಕಡಿಮೆ’ ಎಂದು ಕಳಿಸಿದ್ದರು. ಅದನ್ನೂ ತನ್ನ ಸೋಲುಗಳ ಪಟ್ಟಿಗೇ ಸೇರಿಸಿಕೊಂಡಿದ್ದಳು.

ಮೊದಲ ಭೇಟಿಯಲ್ಲಿ ಖಿನ್ನತೆಯನ್ನು ಅಳೆಯುವ ಪಿಎಚ್‌ಕ್ಯೂ-9 ಪ್ರಶ್ನಾವಳಿ ಕೊಟ್ಟೆವು. ಒಂಬತ್ತು ಪ್ರಶ್ನೆ, ಗರಿಷ್ಠ 27 ಅಂಕ. ಅವಳಿಗೆ ಬಂದದ್ದು 11. ಮೊತ್ತ ಮಾತ್ರ ನೋಡಿದರೆ ಮಧ್ಯಮ ಮಟ್ಟದ ಖಿನ್ನತೆ ಎಂದು ಬರೆದುಬಿಡಬಹುದಿತ್ತು. ಬಿಡಿಸಿ ನೋಡಿದಾಗ ಬೇರೆಯೇ ಕಂಡಿತು: ಸುಸ್ತು 3, ನಿದ್ದೆ 2, ಹಸಿವು 2, ಗಮನ ನಿಲ್ಲದಿರುವುದು 2, ತನ್ನ ಬಗ್ಗೆಯೇ ಬೇಸರ 2. ಆಸಕ್ತಿ ಕಳೆದುಕೊಳ್ಳುವುದು, ಮನಸ್ಸು ಕುಗ್ಗುವುದು ಎಂಬ ಮೊದಲ ಎರಡು ಪ್ರಶ್ನೆಗಳಿಗೆ ಸೊನ್ನೆ. ಅವೆರಡರಲ್ಲಿ ಒಂದಾದರೂ ಇಲ್ಲದೆ ಖಿನ್ನತೆ ಎನ್ನಲಾಗದು. ಸಾಯುವ ಯೋಚನೆ ಬಂದಿದೆಯೇ ಎಂದು ಬಾಯಿಬಿಟ್ಟೇ ಕೇಳಿದೆವು. ಕೇಳಿದರೆ ಆ ಯೋಚನೆ ಹುಟ್ಟುತ್ತದೆ ಎಂಬ ಭಯ ಸುಳ್ಳು. ಅವಳಿಗೆ ಅಂಥದ್ದೇನೂ ಇರಲಿಲ್ಲ. ಇದ್ದಿದ್ದರೆ ಮುಂದಿನ ಯಾವ ಸಲಹೆಗೂ ಕಾಯದೆ ಅವತ್ತೇ ಮನೋವೈದ್ಯರ ಬಳಿಗೆ ಕರೆದೊಯ್ಯಬೇಕಿತ್ತು. ರಾತ್ರಿ ಹೊತ್ತು ಬೇಕಾದರೆ ಇರಲಿ ಎಂದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ ಸಂಖ್ಯೆ 14416 ಬರೆದುಕೊಟ್ಟೆವು. ಅದು ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ.

ಹಾಗಾಗಿ ಮೊದಲ ಸಲಹೆ ಮನಸ್ಸಿಗಲ್ಲ, ರಕ್ತ ಪರೀಕ್ಷೆಗೆ. ಸರ್ಕಾರಿ ಆಸ್ಪತ್ರೆಯಲ್ಲಿ ಹಿಮೋಗ್ಲೋಬಿನ್ 9.8 ಗ್ರಾಂ ಬಂತು. ಗರ್ಭಿಣಿಯಲ್ಲದ ಹೆಣ್ಣಿಗೆ 12ಕ್ಕಿಂತ ಕಡಿಮೆಯಾದರೆ ರಕ್ತಹೀನತೆ, ರಕ್ತದಾನಕ್ಕೆ 12.5 ಇರಲೇಬೇಕು. ಮುಟ್ಟಿನ ಸ್ರಾವ ಹೆಚ್ಚಿದೆಯೇ ಎಂದು ವೈದ್ಯರು ವಿಚಾರಿಸಿ, ಜಂತುಹುಳುವಿನ ಮಾತ್ರೆ ಮತ್ತು ಕಬ್ಬಿಣಾಂಶದ ಮಾತ್ರೆ ಕೊಟ್ಟರು. ಕಬ್ಬಿಣದ ಮಾತ್ರೆಯನ್ನು ಹಾಸ್ಟೆಲ್ ಹುಡುಗಿಯರು ಹತ್ತು ದಿನದಲ್ಲಿ ಬಿಟ್ಟುಬಿಡುವುದೇ ಹೆಚ್ಚು. ಮಲ ಕಪ್ಪಗಾಗುತ್ತದೆ, ಹೊಟ್ಟೆ ತೊಳಸುತ್ತದೆ, ಹೆದರಿ ನಿಲ್ಲಿಸುತ್ತಾರೆ. ಮಲ ಕಪ್ಪಗಾಗುವುದು ಸಹಜ ಎಂದು ಮೊದಲೇ ತಿಳಿಸಿದೆವು. ತೊಳಸಿದರೆ ಊಟದ ನಂತರ ನುಂಗಬಹುದು. ಚಹಾ, ಕಾಫಿ, ಹಾಲಿನ ಜೊತೆ ಮಾತ್ರ ಬೇಡ, ಒಂದೆರಡು ಗಂಟೆ ಅಂತರವಿರಲಿ. ನಿಂಬೆರಸದ ಜೊತೆ ಚೆನ್ನಾಗಿ ಮೈಗೆ ಹತ್ತುತ್ತದೆ. ರಕ್ತದ ಮಟ್ಟ ಸರಿಯಾದ ಮೇಲೂ ಕೆಲವು ತಿಂಗಳು ಮುಂದುವರಿಸಬೇಕಾಗುತ್ತದೆ, ವೈದ್ಯರು ಹೇಳುವತನಕ ನಿಲ್ಲಿಸಬಾರದು.

ಬೆಳಗಿನ ತಿಂಡಿಯನ್ನೇ ಅವಳು ತಿನ್ನುತ್ತಿರಲಿಲ್ಲ. ಏಕೆಂದು ಕೇಳಿದಾಗ ಎರಡನೇ ಎಳೆ ಸಿಕ್ಕಿತು. ಆ ಹೊತ್ತಿಗೆ ಜೂನಿಯರ್‌ಗಳಿಗೆ ಗಣಿತ ಹೇಳಿಕೊಡುತ್ತಿದ್ದಳು.

ಒಂದು ವಾರ ಅರ್ಧರ್ಧ ಗಂಟೆಗೆ ಏನು ಮಾಡಿದೆ ಎಂದು ಬರೆದು ತರಲು ಹೇಳಿದೆವು. ರಾತ್ರಿ ಕೂತು ನೆನಪಿನಿಂದ ಬರೆದರೆ ಲೆಕ್ಕ ತಪ್ಪುತ್ತದೆ, ದಿನಕ್ಕೆ ಮೂರು ಸಲ ಬರೆಯಬೇಕು. ಅವಳು ತಂದ ಲೆಕ್ಕದಲ್ಲಿ ವಾರದ 168 ಗಂಟೆಗಳಲ್ಲಿ ಬೇರೆಯವರಿಗಾಗಿ ಕಳೆದದ್ದು 31: ಗಣಿತ ಪಾಠ 9, ಗೆಳತಿಯರ ರೆಕಾರ್ಡ್ ಪುಸ್ತಕಕ್ಕೆ ಚಿತ್ರ ಬಿಡಿಸಿದ್ದು 8, ವಿದ್ಯಾರ್ಥಿವೇತನದ ಅರ್ಜಿ ತುಂಬಿದ್ದು 6, ಎನ್‌ಎಸ್‌ಎಸ್ (ರಾಷ್ಟ್ರೀಯ ಸೇವಾ ಯೋಜನೆ) 8. ಸ್ವಂತ ಓದು 5 ಗಂಟೆ. ನಿದ್ದೆ ದಿನಕ್ಕೆ ಐದೂವರೆ. ‘ನಾನು ಬರೀ ಮಾತಲ್ಲೇ’ ಎಂದವಳು ಆ ಹಾಳೆ ನೋಡಿ ತುಂಬ ಹೊತ್ತು ಸುಮ್ಮನಿದ್ದಳು.

ಮನೆಯವರೂ ಮೇಷ್ಟ್ರುಗಳೂ ‘ಮೊದಲು ಓದು, ಆಮೇಲೆ ಸೇವೆ’ ಎಂದಿದ್ದರು. ಒಳ್ಳೆಯ ಮನಸ್ಸಿನಿಂದ ಹೇಳಿದ್ದೇ. ಆದರೆ ಇಂಥ ಮಕ್ಕಳಿಗೆ ಆ ಮಾತು ನಾಟುವುದಿಲ್ಲ, ಅವರ ಆತ್ಮಗೌರವ ನಿಂತಿರುವುದೇ ಆ ಸಹಾಯದ ಮೇಲೆ. ಅದನ್ನು ಕಿತ್ತರೆ ಓದು ಹೆಚ್ಚುವುದಿಲ್ಲ, ಗುಟ್ಟಾಗಿ ಮಾಡುವುದು ಹೆಚ್ಚುತ್ತದೆ. ಇವಳ ವಿಷಯದಲ್ಲಿ ಬೇರು ಇನ್ನೂ ಆಳದಲ್ಲಿತ್ತು. ಎಸ್ಸೆಸ್ಸೆಲ್ಸಿ ಮುಗಿದಾಗ ಪಿಯುಸಿಯ ಫೀಸನ್ನು ಒಬ್ಬ ಮೇಷ್ಟ್ರು ಕಟ್ಟಿದ್ದರು. ಆ ಋಣ ತೀರಿಸಬೇಕು. ಬಾಗಿಲು ತಟ್ಟಿದವರೆಲ್ಲ ಅದನ್ನೇ ವಸೂಲಿ ಮಾಡಲು ಬಂದವರಂತೆ ಅವಳಿಗೆ ಕಾಣುತ್ತಿದ್ದರು.

“ಆ ಮೇಷ್ಟ್ರು ನಿನಗೇನು ಮಾಡಿದ್ರು, ಸರಿಯಾಗಿ ಹೇಳು,” ಎಂದು ಕೇಳಿದೆವು. ಒಂದು ಸಲ ಫೀಸು ಕಟ್ಟಿದರು. ಅರ್ಜಿಯನ್ನು ಇವಳ ಕೈಯಲ್ಲೇ ತುಂಬಿಸಿದರು. ಪರೀಕ್ಷೆ ಇವಳೇ ಬರೆದಳು. ಐದು ಗಂಟೆಯಾದರೆ ಅವರು ಮನೆಗೆ ಹೋಗುತ್ತಿದ್ದರು. ಹೇಳುತ್ತ ಹೇಳುತ್ತ ಅವಳಿಗೇ ನಗು ಬಂತು. ಅವಳು ಋಣ ತೀರಿಸುತ್ತಿದ್ದ ಬಗೆ, ಕೊಟ್ಟವರು ಕೊಟ್ಟ ಬಗೆಯಂತಿರಲಿಲ್ಲ.

ಅಲ್ಲಿಂದ ಲೆಕ್ಕ ತಿದ್ದುವುದು ಸುಲಭವಾಯಿತು. ಎನ್‌ಎಸ್‌ಎಸ್‌ಗೆ ಬೇಕಿರುವುದು ವರ್ಷಕ್ಕೆ 120 ಗಂಟೆ, ಎರಡು ವರ್ಷಕ್ಕೆ 240, ಜೊತೆಗೆ ಏಳು ದಿನದ ವಿಶೇಷ ಶಿಬಿರ. ವಾರಕ್ಕೆ ಮೂರು ಗಂಟೆ ಧಾರಾಳ. ಗಣಿತ ಪಾಠ ಒಬ್ಬೊಬ್ಬರಿಗೆ ಬೇರೆ ಬೇರೆಯಾಗಿ ಬೇಡ, ಆರು ಜನಕ್ಕೂ ಒಟ್ಟಿಗೆ ಬುಧವಾರ, ಶನಿವಾರ ಸಂಜೆ ಒಂದೂವರೆ ಗಂಟೆ. ಎಸ್‌ಎಸ್‌ಪಿ (ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್) ಅರ್ಜಿ ಹಾಕುವವರ ಪಕ್ಕದಲ್ಲಿ ಕೂರಬೇಕು, ಟೈಪ್ ಮಾಡುವ ಬೆರಳು ಮಾತ್ರ ಅವರದೇ. ಯಾರ ಪಾಸ್‌ವರ್ಡ್, ಓಟಿಪಿ ಇಟ್ಟುಕೊಳ್ಳಬಾರದು. ಹಣ ಬಾರದಿದ್ದರೆ ಬಹಳ ಸಲ ಕಾರಣ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗದಿರುವುದು. ಅದಕ್ಕೆ ಅವರೇ ಬ್ಯಾಂಕಿಗೆ ಹೋಗಬೇಕು, ಅರ್ಜಿಯನ್ನು ಮತ್ತೆ ಮತ್ತೆ ತೆರೆದು ನೋಡಿ ಫಲವಿಲ್ಲ.

ರೆಕಾರ್ಡ್ ಬಿಡಿಸಿಕೊಡುವುದನ್ನು ಪೂರ್ತಿ ನಿಲ್ಲಿಸಬೇಕಿತ್ತು, ಅದೇ ಕಷ್ಟ. ಹೇಳಬೇಕಾದ ವಾಕ್ಯವನ್ನು ಅವಳೇ ಕಟ್ಟಿದಳು: “ಈಗ ಆಗಲ್ಲ ಕಣೇ. ಭಾನುವಾರ ಹತ್ತಕ್ಕೆ ಬಾ, ಹೇಗೆ ಬಿಡಿಸೋದು ಅಂತ ತೋರಿಸ್ತೀನಿ. ಬಿಡಿಸೋದು ನೀನೇ.” ಗೆಳತಿಯ ಪಾತ್ರ ನಾವು ಮಾಡಿ ಆರೇಳು ಸಲ ಹೇಳಿಸಿದೆವು. ತಲೆನೋವು ಎಂಬ ಸುಳ್ಳು ನೆಪ ಬೇಡ, ನಾಳೆ ಮತ್ತೆ ಕೇಳುತ್ತಾರೆ. ಉದ್ದದ ವಿವರಣೆಯೂ ಬೇಡ, ಅದು ಚೌಕಾಸಿಗೆ ದಾರಿ. ಆದರೂ ಮೊದಲ ವಾರವೇ ತಪ್ಪಿತು. ರಾತ್ರಿ ಹನ್ನೊಂದಕ್ಕೆ ರೂಮ್‌ಮೇಟ್ ಅತ್ತಳು, ಇವಳು ಎರಡು ಗಂಟೆಯತನಕ ಬಿಡಿಸಿದಳು. ನಿದ್ದೆಗಣ್ಣಿನಲ್ಲಿ ಯಾರಿಗೂ ‘ಇಲ್ಲ’ ಎನ್ನಲಾಗದು. ಅದಕ್ಕೆ ಒಂದು ನಿಯಮ ಸೇರಿಸಿದೆವು: ಒಂಬತ್ತೂವರೆಯ ನಂತರ ಬಂದ ಕೋರಿಕೆಗೆ ಉತ್ತರ ನಾಳೆ ಬೆಳಿಗ್ಗೆ.

41 ಆಸೆಗಳ ಎದುರು, ಕೊನೆಯ ಸಲ ಯಾವಾಗ ಮಾಡಿದೆ ಎಂದು ಬರೆಯಲು ಹೇಳಿದ್ದೆವು. 38ರ ಎದುರು ಖಾಲಿ. ಉಳಿದ ಮೂರರಲ್ಲಿ ಅವಳು ಆರಿಸಿಕೊಂಡದ್ದು ಥ್ರೋಬಾಲ್. ಹೈಸ್ಕೂಲಿನಲ್ಲಿ ಆಡುತ್ತಿದ್ದಳಂತೆ. ಮೈ ಸ್ವಲ್ಪ ಸುಧಾರಿಸಿದ ಮೇಲೆ ವಾರಕ್ಕೆರಡು ಸಂಜೆ ನಲವತ್ತು ನಿಮಿಷ ಆಡಲು ಹೇಳಿದೆವು. ಯಾರಿಗೂ ಉಪಯೋಗವಿಲ್ಲದ ಆ ನಲವತ್ತು ನಿಮಿಷಕ್ಕೆ ಅವಳನ್ನು ಒಪ್ಪಿಸುವುದೇ ಎಲ್ಲಕ್ಕಿಂತ ಹೆಚ್ಚು ಸಮಯ ಹಿಡಿಯಿತು.

ಹತ್ತು ವಾರದಲ್ಲಿ ನಾಲ್ಕು ಭೇಟಿ. ಒಂದು ತಿಂಗಳಿಗೆ ಹಿಮೋಗ್ಲೋಬಿನ್ 11.1, ನಾಲ್ಕನೇ ಭೇಟಿಗೆ 12.2. ನಿದ್ದೆ ದಿನಕ್ಕೆ ಏಳು ಗಂಟೆ, ಸ್ವಂತ ಓದು ವಾರಕ್ಕೆ 14. ಪ್ರಶ್ನಾವಳಿಯ ಅಂಕ 4ಕ್ಕೆ ಇಳಿದಿತ್ತು. ರಕ್ತ ಯಾವಾಗ ಕೊಡಬಹುದು ಎಂದು ಕೇಳಿದಳು. ತೂಕ 47 ಕಿಲೋ ಇರುವುದರಿಂದ 350 ಎಂಎಲ್ ಮಾತ್ರ ತೆಗೆಯುತ್ತಾರೆ. ಆದರೆ ಅದು ಮಾತ್ರೆಯ ಚಿಕಿತ್ಸೆ ಮುಗಿದು ವೈದ್ಯರು ಸರಿ ಎಂದ ಮೇಲೆ ಮಾತ್ರ, ಮತ್ತು ಒಮ್ಮೆ ಕೊಟ್ಟರೆ ಹೆಣ್ಣುಮಕ್ಕಳು ಮತ್ತೆ 120 ದಿನ ಕಾಯಬೇಕು ಎಂದು ಹೇಳಿ ಕಳಿಸಿದೆವು. ರೂಮ್‌ಮೇಟ್ ಇನ್ನೂ ಸರಿಯಾಗಿ ಮಾತಾಡುತ್ತಿಲ್ಲ. ಅದರ ಬಗ್ಗೆ ಸೆಮಿಸ್ಟರ್ ಪರೀಕ್ಷೆ ಮುಗಿದ ಮೇಲೆ ಐದನೇ ಭೇಟಿ.