ಚೌಕಾಬಾರದ ನನ್ನ ಅಕ್ಕ ಮತ್ತು ನಿಮ್ಮ ಮಗಳ ಆ್ಯಪ್

ಜಯನಗರದ ಓದುಗರೊಬ್ಬರ ಪತ್ರ: ಶಾಲೆಯವರು ಕೊಟ್ಟ ಗಣಿತದ ಆ್ಯಪ್‌ಗೆ ಐದನೇ ಕ್ಲಾಸಿನ ಮಗ ಅಂಟಿಕೊಂಡಿದ್ದಾನೆ. ನೋಟ್‌ಬುಕ್ಕಿನಲ್ಲಿ ಖುಷಿಯಾಗಿ ಲೆಕ್ಕ ಮಾಡುತ್ತಿದ್ದ ಎಂಟನೇ ಕ್ಲಾಸಿನ ಮಗಳು ಮಾತ್ರ, ಲೀಡರ್‌ಬೋರ್ಡ್‌ನಲ್ಲಿ (ಯಾರು ಮುಂದೆ, ಯಾರು ಹಿಂದೆ ಅಂತ ಎಲ್ಲರಿಗೂ ತೋರಿಸುವ ಪಟ್ಟಿ) 27ನೇ ಜಾಗಕ್ಕೆ ಇಳಿದ ಮೇಲೆ ಟ್ಯಾಬ್ ಮುಟ್ಟುತ್ತಿಲ್ಲ. 'ಇವಳಿಗೆ ಸೋಮಾರಿತನವಾ?'

ಸೋಮಾರಿತನ ಅಂತ ನನಗನ್ನಿಸುವುದಿಲ್ಲ ಮೇಡಂ. ಚೌಕಾಬಾರ ಆಡಿದ್ದೀರಲ್ವಾ? ಬೇಸಿಗೆ ರಜೆಯಲ್ಲಿ ನಡುಮನೆಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಮನೆ ಬರೆದು ಕೂತರೆ, ನನ್ನ ಅಕ್ಕ ತನ್ನ ಕಾಯಿ ಎಲ್ಲಿದೆ ಅನ್ನುವುದನ್ನೂ ಮರೆತು ನನ್ನ ಕಾಯಿ ಹೊಡೆಯಲು ಹೊಂಚು ಹಾಕುತ್ತಿದ್ದಳು. ನಾನೋ, ನಾಲ್ಕೂ ಕಾಯಿ ಹಣ್ಣಾದರೆ ಸಾಕು, ಯಾರು ಗೆದ್ದರೇನು ಅನ್ನುವ ಆಸಾಮಿ. ಕವಡೆ ಅವೇ, ಮನೆಗಳೂ ಅವೇ.

1996ರಲ್ಲಿ ರಿಚರ್ಡ್ ಬಾರ್ಟಲ್ ಎಂಬ ಬ್ರಿಟಿಷ್ ಗೇಮ್ ತಜ್ಞರು ಕಂಪ್ಯೂಟರ್ ಆಟಗಾರರಲ್ಲಿ ನಾಲ್ಕು ಬಗೆ ಗುರುತಿಸಿದರು: ಸಾಧಿಸಬೇಕು ಅನ್ನುವವರು, ಹೊಸ ಜಾಗ ಹುಡುಕುವವರು, ನಾಲ್ಕು ಜನರ ಜೊತೆ ಹರಟಲು ಬರುವವರು, ಬೇರೆಯವರನ್ನು ಕಾಡುವವರು (ಅಕ್ಕ ಇದನ್ನು ಓದದಿರಲಿ!). ಅವರು ನೋಡಿದ್ದು ಆನ್‌ಲೈನ್ ಆಟಗಾರರನ್ನು, ಶಾಲಾ ಮಕ್ಕಳನ್ನಲ್ಲ. ಹಾಗಾಗಿ ಮಗಳಿಗೆ ಇದರಲ್ಲೊಂದು ಚೀಟಿ ಅಂಟಿಸಬೇಡಿ. ಆದರೆ ಲೀಡರ್‌ಬೋರ್ಡ್ ಎಲ್ಲರಿಗೂ ಒಗ್ಗುವುದಿಲ್ಲ ಅನ್ನುವುದು ಇದರಿಂದ ಗೊತ್ತಾಗುತ್ತದೆ. ಪೈಪೋಟಿ ಇಷ್ಟಪಡುವ ಹುಡುಗನಿಗೆ ಅದು ಬೆಲ್ಲ. ತಪ್ಪಾದರೆ ಯಾರಾದರೂ ನೋಡುತ್ತಾರೆ ಅಂತ ಒಳಗೊಳಗೇ ಹೆದರುವ ಮಗುವಿಗೆ ಅದು ಗೋಡೆಗೆ ಅಂಟಿಸಿದ ಮಾರ್ಕ್ಸ್ ಕಾರ್ಡ್, ಅದೂ ದಿನಾ!

ಇನ್ನೊಂದು ವಿಷಯ ನನಗೆ ಜಾಸ್ತಿ ಮುಖ್ಯ ಅನ್ನಿಸುತ್ತದೆ. 1973ರಲ್ಲಿ ಅಮೆರಿಕದ ಮಾರ್ಕ್ ಲೆಪರ್ ಮತ್ತು ಸಂಗಡಿಗರು, ಸ್ಕೆಚ್ ಪೆನ್ನಿನಲ್ಲಿ ಚಿತ್ರ ಬರೆಯುವುದೆಂದರೆ ಮೊದಲೇ ಇಷ್ಟವಿದ್ದ ನರ್ಸರಿ ಮಕ್ಕಳನ್ನು ಆರಿಸಿಕೊಂಡರು. ಕೆಲವರಿಗೆ, ಬರೆದರೆ ಚಿನ್ನದ ನಕ್ಷತ್ರವಿರುವ ಸರ್ಟಿಫಿಕೇಟ್ ಕೊಡುತ್ತೇವೆ ಅಂತ ಮೊದಲೇ ಹೇಳಿದರು, ಹೇಳಿದಂತೆ ಕೊಟ್ಟರು. ಕೆಲವು ದಿನ ಬಿಟ್ಟು ಸುಮ್ನೆ ಆಡಲು ಬಿಟ್ಟಾಗ ಆ ಮಕ್ಕಳು ಪೆನ್ನು ಹಿಡಿದ ಹೊತ್ತು ಉಳಿದವರ ಅರ್ಧದಷ್ಟು. ಇನ್ನು ಕೆಲವರಿಗೆ ಮೊದಲೇ ಏನೂ ಹೇಳದೆ, ಬರೆದ ಮೇಲೆ ಸರ್ಟಿಫಿಕೇಟ್ ಕೊಟ್ಟಿದ್ದರು; ಅವರ ಆಸಕ್ತಿ ಮಾತ್ರ ಕುಂದಲಿಲ್ಲ.

ನಿಮ್ಮ ಮಗಳಿಗೆ ಲೆಕ್ಕ ಮೊದಲೇ ಇಷ್ಟವಿತ್ತು, ಅಲ್ವಾ? ಅದರ ಮೇಲೆ ಪಾಯಿಂಟು, ಬ್ಯಾಡ್ಜು, ರ‍್ಯಾಂಕು ಹೇರಿದ್ದು ನಾವು ದೊಡ್ಡವರು.

ಮಗನ ಕಡೆಗೂ ಒಂದು ಕಣ್ಣಿರಲಿ. ಗೊತ್ತಿರುವ ಸುಲಭದ ಲೆಕ್ಕವನ್ನೇ ಮತ್ತೆ ಮತ್ತೆ ಒತ್ತಿ ಪಾಯಿಂಟು ಗುಡ್ಡೆ ಹಾಕುತ್ತಿದ್ದಾನಾ ನೋಡಿ. ಮಗಳ ಮಟ್ಟಿಗೆ, ಹೆಸರನ್ನು ಪಟ್ಟಿಯಿಂದ ಮರೆಮಾಡಲು ಆಗುತ್ತದಾ ಅಂತ ಟೀಚರನ್ನು ಕೇಳಿ. ಅಲ್ಲಿಯವರೆಗೆ ಆ ಹಳೆ ನೋಟ್‌ಬುಕ್ ಅವಳ ಮೇಜಿನ ಮೇಲೆ ಇಡಿ, ಏನೂ ಹೇಳಬೇಡಿ. ಟೀಚರ್ ಒಪ್ಪದಿದ್ದರೆ ಇನ್ನೊಂದು ಪತ್ರ ಬರೆಯಿರಿ.